ರೋಗದ ಹೆಜ್ಜೆ ಹಿಡಿದು ಹೊರಟವರು

ನಿಮ್ಮ ಮನೆಯಲ್ಲಿ ಅರವತ್ತು ದಾಟಿದ ಅಜ್ಜಿಯೋ ತಾತನೋ ಇದ್ದರೆ, ಒಮ್ಮೆ ತೋಳು ತೋರಿಸಿ ಅನ್ನಿ. ಹೆಚ್ಚಿನವರ ತೋಳಿನ ಮೇಲೆ, ಕೆಲವರಿಗೆ ಮುಂಗೈ ಮೇಲೆ, ದುಂಡನೆಯ ಕಲೆಗಳು ಕಾಣುತ್ತವೆ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಎರಡು, ಕೆಲವರಿಗೆ ನಾಲ್ಕು. ಇದೇನಜ್ಜಿ ಅಂತ ಕೇಳಿದರೆ, “ಚಿಕ್ಕಂದಿನಾಗೆ ದಾಕು ಹಾಕಿದ್ರು ಮಗಾ” ಅನ್ನುತ್ತಾರೆ. ಸಿಡುಬು ಬಾರದಿರಲಿ ಎಂದು ಹಾಕಿದ ಲಸಿಕೆಯ ಗುರುತು ಅದು. ನಿಮ್ಮ ಅಪ್ಪ ಅಮ್ಮನ ತೋಳಿನಲ್ಲಿ ಅದು ಇರಲಾರದು. ಅವರಿಗಿರುವ ಒಂದು ಚಿಕ್ಕ ಕಲೆ ಕ್ಷಯರೋಗ ತಡೆಯುವ ಬಿ.ಸಿ.ಜಿ. ಲಸಿಕೆಯದು. ಅವರು ಹುಟ್ಟುವ ಹೊತ್ತಿಗೆ ಸಿಡುಬು ಭೂಮಿಯ ಮೇಲಿಂದಲೇ ಹೊರಟುಹೋಗಿತ್ತು.

ಸಿಡುಬನ್ನು ವಾಸಿಮಾಡುವ ಔಷಧಿ ಆಗ ಯಾರ ಬಳಿಯೂ ಇರಲಿಲ್ಲ. ಆದರೂ ಅದು ಹೋಯಿತು. ಹೇಗೆ? ಲಸಿಕೆಯಿಂದ, ಅನ್ನುತ್ತೀರಿ. ಸರಿ, ಆದರೆ ಅದು ಅರ್ಧ ಉತ್ತರ. ರೋಗ ಯಾವ ಮನೆಯಲ್ಲಿದೆ ಎಂದು ಹುಡುಕಿ, ಬರೆದಿಟ್ಟುಕೊಂಡು, ಅದರ ಬೆನ್ನು ಹತ್ತಿದ್ದು ಉಳಿದರ್ಧ. ಈ ಹುಡುಕಾಟವನ್ನು ನಮ್ಮವರು ಹೇಗೆ ಕಲಿತರು ಎಂದು ನೋಡಲು ನೂರಿಪ್ಪತ್ತು ವರ್ಷ ಹಿಂದಿನ ಬೆಂಗಳೂರಿಗೆ ಹೋಗಿಬರೋಣ. ಆಂಧ್ರದ ಗಡಿಯಲ್ಲಿರುವ ನಮ್ಮ ಹೇಮಾವತಿಯಿಂದ ಹೊರಟು ಸಿರಾ, ತುಮಕೂರು ದಾಟಿದರೆ ಬೆಂಗಳೂರೇ.

ಮಕ್ಕಳಿಗೇ ಏಕೆ?

ಆಗ ಬೆಂಗಳೂರು ಎಂದರೆ ಎರಡು ಊರು. ಚಿಕ್ಕಪೇಟೆ, ಬಳೇಪೇಟೆ, ತರಗುಪೇಟೆಗಳ ಇಕ್ಕಟ್ಟಾದ ಹಳೆಯ ಪೇಟೆ ಮೈಸೂರು ಮಹಾರಾಜರ ಸರ್ಕಾರಕ್ಕೆ ಸೇರಿತ್ತು. ಪಕ್ಕದ ದಂಡು ಪ್ರದೇಶ ಬ್ರಿಟಿಷರದು. ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ. 1901ರ ಜನಗಣತಿಯಲ್ಲಿ ಎರಡೂ ಸೇರಿ ಸುಮಾರು 1,59,000 ಜನ.

ಸಿಡುಬು, ದಡಾರ, ನಾಯಿಕೆಮ್ಮು, ಗಂಟಲುಮಾರಿ: ಇವೆಲ್ಲ ಅಂದಿನ ಮಕ್ಕಳ ಪಾಲಿನ ರೋಗಗಳು. ದೊಡ್ಡವರನ್ನು ಬಿಟ್ಟು ಮಕ್ಕಳನ್ನೇ ಹಿಡಿಯಲು ರೋಗಕ್ಕೇನು ಅವರ ಮೇಲೆ ಹಗೆಯೇ? ಇಲ್ಲ. ಸಿಡುಬು ಅಥವಾ ದಡಾರ ಒಮ್ಮೆ ಬಂದುಹೋದವರಿಗೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಅವರ ದೇಹ ಆ ರೋಗಾಣುವನ್ನು ನೆನಪಿಟ್ಟುಕೊಂಡಿರುತ್ತದೆ. ಅದು ಮತ್ತೆ ಒಳಹೊಕ್ಕರೆ ಕೂಡಲೇ ಎದುರಿಸುತ್ತದೆ. ದೊಡ್ಡವರಲ್ಲಿ ಬಹುಪಾಲು ಜನ ಚಿಕ್ಕಂದಿನಲ್ಲೇ ರೋಗವನ್ನು ಅನುಭವಿಸಿ ಬದುಕಿ ಉಳಿದವರು. ಆ ನೆನಪು ಇಲ್ಲದವರು ಹೆಚ್ಚಾಗಿ ಮಕ್ಕಳೇ.

ಚಿಕ್ಕ ಹಳ್ಳಿಗೆ ದಡಾರ ಬಂದರೆ ಮಕ್ಕಳಿಗೆಲ್ಲ ಅಂಟಿ, ಹಿಡಿಯಲು ಇನ್ಯಾರೂ ಇಲ್ಲವೆಂದು ನಿಂತುಹೋಗುತ್ತದೆ. ಕೆಲವು ವರ್ಷ ಕಳೆದು ಹೊಸ ಮಕ್ಕಳು ಹುಟ್ಟಿದ ಮೇಲೆ ಜಾತ್ರೆಗೋ ಮದುವೆಗೋ ಬಂದವರ ಜೊತೆ ಮತ್ತೆ ಬರುತ್ತದೆ. ನಗರದಲ್ಲಿ ಹಾಗಲ್ಲ. ದಿನವೂ ಮಕ್ಕಳು ಹುಟ್ಟುತ್ತಾರೆ, ದಿನವೂ ರೈಲಿಳಿದು ಹೊಸಬರು ಬರುತ್ತಾರೆ. ರೋಗಕ್ಕೆ ಅಲ್ಲಿ ಬಿಡುವೇ ಇಲ್ಲ. ಆದ್ದರಿಂದ ರೋಗವನ್ನು ಹುಡುಕುವ ಕೆಲಸವೂ ನಗರದಲ್ಲಿ ಬಿಡುವಿಲ್ಲದೆ ನಡೆಯಬೇಕಾಯಿತು.

ಬಾಗಿಲಲ್ಲಿ ಬೇವಿನ ಸೊಪ್ಪು

ಸರ್ಕಾರದ ಪುಸ್ತಕ, ಪಟ್ಟಿಗಳು ಬರುವ ಮೊದಲೇ ನಮ್ಮ ಜನರಲ್ಲಿ ಒಂದು ಏರ್ಪಾಡು ಇತ್ತು. ಮನೆಯಲ್ಲಿ ಮಗುವಿಗೆ ‘ಅಮ್ಮ’ ಎದ್ದರೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಒಗ್ಗರಣೆ ಹಾಕುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ, ಮನೆಯವರು ನೆಂಟರ ಮನೆಗೆ ಹೋಗುವಂತಿಲ್ಲ. ಮಾರಮ್ಮ ಮನೆಗೆ ಬಂದಿದ್ದಾಳೆ, ಅವಳಿಗೆ ತೊಂದರೆ ಕೊಡಬಾರದು ಎಂಬ ನಂಬಿಕೆ.

ಬೇವಿನ ಸೊಪ್ಪು ಸಿಡುಬಿನ ವೈರಸ್ಸನ್ನು ಕೊಲ್ಲುವುದಿಲ್ಲ. ಆದರೆ ಬೀದಿಯಲ್ಲಿ ಹೋಗುವವರಿಗೆಲ್ಲ ಅದು ‘ಈ ಮನೆಯಲ್ಲಿ ರೋಗವಿದೆ, ದೂರವಿರಿ’ ಎಂದು ತಿಳಿಸುತ್ತಿತ್ತು. ಸಿಡುಬು ಹರಡುತ್ತಿದ್ದದ್ದು ಮೈಮೇಲೆ ಗುಳ್ಳೆ ಎದ್ದಾಗಿನಿಂದ ಹಕ್ಕಳೆ ಉದುರುವವರೆಗೆ. ಅಷ್ಟು ದಿನ ಆ ಮನೆಗೆ ಹೋಗದ ಮಗುವಿಗೆ ಅಲ್ಲಿಂದ ರೋಗ ಅಂಟುತ್ತಿರಲಿಲ್ಲ. ರೋಗವಿದೆ ಎಂದು ಹೇಳಿಕೊಳ್ಳುವುದು, ರೋಗಿಯನ್ನು ಬೇರೆ ಇಡುವುದು, ಇವೆರಡನ್ನೂ ನಮ್ಮ ಅಜ್ಜಿಯರು ಮಾಡುತ್ತಲೇ ಇದ್ದರು. ಕೊರತೆ ಇದ್ದದ್ದು ಮೂರನೆಯದರಲ್ಲಿ. ರೋಗ ಬರುವ ಮೊದಲೇ ತಡೆಯುವ ದಾರಿ ಅವರ ಕೈಯಲ್ಲಿರಲಿಲ್ಲ.

ದಾಕು ಹಾಕುವವರ ಪುಸ್ತಕ

ಆ ದಾರಿ ಸಿಕ್ಕಿದ್ದು ಹಸುವಿನಿಂದ. ಹಾಲು ಕರೆಯುವ ಹೆಂಗಸರಿಗೆ ಹಸುವಿನ ಕೆಚ್ಚಲಿನ ಗುಳ್ಳೆಯಿಂದ ಸಣ್ಣದೊಂದು ರೋಗ ಅಂಟುತ್ತದೆ, ಅಂಥವರಿಗೆ ಸಿಡುಬು ಬರುವುದಿಲ್ಲ ಎಂಬ ಮಾತು ಇಂಗ್ಲೆಂಡಿನ ಹಳ್ಳಿಗಳಲ್ಲಿತ್ತು. 1796ರಲ್ಲಿ ಎಡ್ವರ್ಡ್ ಜೆನ್ನರ್ ಎಂಬ ವೈದ್ಯರು ಅದನ್ನು ಪರೀಕ್ಷಿಸಿದರು. ಹಾಲು ಕರೆಯುವವಳ ಕೈಯ ಗುಳ್ಳೆಯಿಂದ ಕೀವು ತೆಗೆದು ಜೇಮ್ಸ್ ಫಿಪ್ಸ್ ಎಂಬ 8 ವರ್ಷದ ಹುಡುಗನ ತೋಳಿಗೆ ಗೀರಿದರು. ಅವನಿಗೆ ಸಿಡುಬು ಹತ್ತಲಿಲ್ಲ. ಆರೇ ವರ್ಷದಲ್ಲಿ, 1802ರ ಜೂನ್‌ನಲ್ಲಿ, ಆ ಲಸಿಕೆ ಮುಂಬಯಿಗೆ ಬಂತು. ಭಾರತದಲ್ಲಿ ಅದನ್ನು ಮೊದಲು ಪಡೆದದ್ದು ಅನ್ನಾ ಡಸ್ಟಾಲ್ ಎಂಬ 3 ವರ್ಷದ ಹುಡುಗಿ. 1805ರ ಸುಮಾರಿಗೆ ಮೈಸೂರಿನ ಅರಮನೆಯ ರಾಣಿಯರ ಚಿತ್ರವೊಂದನ್ನು ಥಾಮಸ್ ಹಿಕಿ ಎಂಬ ಕಲಾವಿದ ಬರೆದ. ಅದರಲ್ಲಿ ರಾಣಿಯೊಬ್ಬಳು ಸೆರಗು ಸರಿಸಿ ತೋಳು ತೋರಿಸುತ್ತಿದ್ದಾಳೆ. ಲಸಿಕೆಯ ಬಗ್ಗೆ ಜನರ ಹೆದರಿಕೆ ಹೋಗಲೆಂದೇ ಈ ಚಿತ್ರ ಬರೆಸಿದ್ದಿರಬೇಕು ಎಂದು ಇತಿಹಾಸಕಾರರು ಹೇಳುತ್ತಾರೆ.

ಮೊದಮೊದಲು ಒಂದು ಮಗುವಿನ ತೋಳಿನ ಗುಳ್ಳೆಯಿಂದ ಇನ್ನೊಂದು ಮಗುವಿಗೆ ಲಸಿಕೆ ದಾಟಿಸುತ್ತಿದ್ದರು. ಹೀಗೆ ಮಾಡುವಾಗ ಬೇರೆ ರೋಗಗಳೂ ದಾಟುವ ಭಯವಿತ್ತು. ಮುಂದೆ ಕರುವಿನ ಚರ್ಮದ ಮೇಲೆ ಲಸಿಕೆ ಬೆಳೆಸುವ ವಿಧಾನ ಬಂತು. ಬೆಂಗಳೂರಿನಲ್ಲಿ ಅದಕ್ಕೆಂದೇ ಒಂದು ಸಂಸ್ಥೆ ಇತ್ತು. ಅಲ್ಲಿ ಕೆಲಸ ಮಾಡಿದವರಲ್ಲಿ ಒಬ್ಬರು ಡಾ. ಪಲ್ಪು. 1863ರಲ್ಲಿ ತಿರುವಾಂಕೂರಿನಲ್ಲಿ ಹುಟ್ಟಿ, ಮದ್ರಾಸಿನಲ್ಲಿ ವೈದ್ಯ ಓದಿದವರು. ಈಳವ ಜಾತಿಯವರೆಂಬ ಒಂದೇ ಕಾರಣಕ್ಕೆ ಹುಟ್ಟಿದ ಸೀಮೆಯಲ್ಲಿ ಅವರಿಗೆ ಸರ್ಕಾರಿ ಕೆಲಸ ಕೊಡಲಿಲ್ಲ. ಮೈಸೂರು ಸರ್ಕಾರ ಕೊಟ್ಟಿತು. ತಿರುವಾಂಕೂರು ಬೇಡವೆಂದ ವೈದ್ಯರು ಬೆಂಗಳೂರಿನ ಮಕ್ಕಳನ್ನು ಕಾಪಾಡಿದರು.

ಆ ಲಸಿಕೆ ಬಿಸಿಲಿಗೆ ಕೆಡುತ್ತಿತ್ತು. ಫ್ರಿಜ್ ಇಲ್ಲದ ಕಾಲ. ಹಾಗಾಗಿ ದಾಕು ಹಾಕುವವರು ಹೆಚ್ಚಾಗಿ ಚಳಿಗಾಲದಲ್ಲೇ ಬೀದಿಬೀದಿ ಸುತ್ತುತ್ತಿದ್ದರು. ಬೇಸಿಗೆ ಏರುವಾಗ ಸಿಡುಬು ಹೆಚ್ಚುತ್ತಿದ್ದುದರಿಂದ ಅಷ್ಟರೊಳಗೆ ಕೆಲಸ ಮುಗಿಯಬೇಕಿತ್ತು. ತೋಳಿನ ಮೇಲೆ ಸಣ್ಣದಾಗಿ ಗೀರಿ ಲಸಿಕೆ ಸವರಿ, ಮಗುವಿನ ಹೆಸರು, ವಯಸ್ಸು, ಮನೆ, ತಾರೀಕು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ವಾರ ಕಳೆದ ಮೇಲೆ ಅದೇ ಮನೆಗೆ ಮತ್ತೆ ಬರುತ್ತಿದ್ದರು. ಗೀರಿದ ಕಡೆ ಗುಳ್ಳೆ ಎದ್ದಿದ್ದರೆ ಲಸಿಕೆ ಹತ್ತಿದೆ ಎಂದು ಬರೆಯುವುದು, ಎದ್ದಿರದಿದ್ದರೆ ಮತ್ತೊಮ್ಮೆ ಹಾಕುವುದು.

ಈ ಪುಸ್ತಕದ ಬೆಲೆ ಗಮನಿಸಿ. ಲಸಿಕೆ ಹತ್ತಿದ ಮಕ್ಕಳು ಯಾರು ಎಂಬುದರ ಜೊತೆಗೆ ಇನ್ನೂ ಹಾಕಿಸಿಕೊಳ್ಳದ ಮಕ್ಕಳು ಯಾವ ಬೀದಿಯಲ್ಲಿದ್ದಾರೆ ಎಂಬುದೂ ಅದರಿಂದ ತಿಳಿಯುತ್ತಿತ್ತು. ಒಂದೊಂದು ಹೆಸರನ್ನೇ ನೋಡಿದರೆ ಏನೂ ತೋಚುವುದಿಲ್ಲ. ಎಲ್ಲವನ್ನೂ ಒಟ್ಟಿಗಿಟ್ಟು ನೋಡಿದರೆ, ಅಂಗಳದ ಚುಕ್ಕಿಗಳನ್ನು ಸೇರಿಸಿದಾಗ ರಂಗೋಲಿ ಮೂಡುವ ಹಾಗೆ, ಊರಿನಲ್ಲಿ ರೋಗದ ದಾರಿ ಯಾವುದು ಎಂದು ಕಾಣುತ್ತದೆ. ಲಂಡನ್ನಿನ ಜಾನ್ ಸ್ನೋ 1854ರಲ್ಲಿ ಮಾಡಿದ್ದೂ ಅದನ್ನೇ. ಕಾಲರಾದಿಂದ ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತು ಹಾಕಿದಾಗ ಅವುಗಳಲ್ಲಿ ಹೆಚ್ಚಿನವು ಒಂದೇ ನೀರಿನ ಪಂಪಿನ ಸುತ್ತ ಕೂಡಿಕೊಂಡಿದ್ದವು.

ಇಲಿ ಬಿತ್ತು!

1898ರ ಆಗಸ್ಟ್. ಮುಂಬಯಿಯಲ್ಲಿ ಎರಡು ವರ್ಷದಿಂದ ಕಾಡುತ್ತಿದ್ದ ಪ್ಲೇಗು ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಬಂದಿಳಿಯಿತು. ಪೇಟೆಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಕಾಳು ಕಡಿಯ ಮಂಡಿಗಳ ಪಕ್ಕದಲ್ಲೇ ಜನ ವಾಸವಿದ್ದರು. ಕಾಳಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಪ್ಲೇಗು. ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರನ್ನೂ ಹಿಡಿದ ರೋಗ ಇದು.

ಪ್ಲೇಗು ಹೇಗೆ ಹರಡುತ್ತದೆ ಎಂದು ಆಗ ವೈದ್ಯರಿಗೂ ಸರಿಯಾಗಿ ತಿಳಿದಿರಲಿಲ್ಲ. ಜನರಿಗೆ ಮಾತ್ರ ಒಂದು ಸೂಚನೆ ಗೊತ್ತಿತ್ತು. ಮನೆಯ ಸೂರಿನಿಂದಲೋ ಹಗೇವಿನ ಬಳಿಯೋ ಇಲಿಗಳು ತಾವಾಗಿ ಸತ್ತು ಬಿದ್ದರೆ, ಕೆಲವೇ ದಿನದಲ್ಲಿ ಮನುಷ್ಯರು ಕಾಯಿಲೆ ಬೀಳುತ್ತಾರೆ. “ಇಲಿ ಬಿತ್ತು” ಎಂದರೆ ಸಾಕು, ಊರಿಗೆ ಊರೇ ಗಂಟುಮೂಟೆ ಕಟ್ಟಿ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿತ್ತು.

ಜನರ ಲೆಕ್ಕ ಸರಿಯಾಗಿತ್ತು. ಅದೇ 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯರು ಒಂದು ಪ್ರಯೋಗ ಮಾಡಿದರು. ಗಾಜಿನ ಜಾಡಿಯಲ್ಲಿ ಚಿಗಟಗಳಿದ್ದ ಪ್ಲೇಗಿನ ಇಲಿಯನ್ನು ಇಟ್ಟರು. ಅದೇ ಜಾಡಿಯೊಳಗೆ ತಂತಿಬಲೆಯ ಗೂಡಿನಲ್ಲಿ ಇನ್ನೊಂದು ಆರೋಗ್ಯವಂತ ಇಲಿ. ಒಂದನ್ನೊಂದು ಮುಟ್ಟುವಂತಿಲ್ಲ, ಆದರೆ ಚಿಗಟ ಹಾರಿ ಹೋಗಬಹುದು. ಮೊದಲ ಇಲಿ ಸತ್ತಿತು. ಕೆಲವು ದಿನದ ನಂತರ ಎರಡನೆಯದೂ ಪ್ಲೇಗಿನಿಂದ ಸತ್ತಿತು. ಚಿಗಟಗಳೇ ಇಲ್ಲದ ರೋಗದ ಇಲಿಯನ್ನು ಇಟ್ಟಾಗ ಪಕ್ಕದ ಇಲಿಗೆ ಏನೂ ಆಗಲಿಲ್ಲ. ಇಲಿ ಸತ್ತು ತಣ್ಣಗಾದ ಮೇಲೆ ಅದರ ಮೈಮೇಲಿನ ಚಿಗಟಗಳು ಬೇರೆ ಆಸರೆ ಹುಡುಕುತ್ತವೆ. ಹತ್ತಿರದಲ್ಲಿ ಮನುಷ್ಯನಿದ್ದರೆ ಅವನನ್ನೇ ಕಚ್ಚುತ್ತವೆ. ಮನೆ ಬಿಟ್ಟು ಹೊಲ ಸೇರಿದವರು ಉಳಿದುಕೊಳ್ಳುತ್ತಿದ್ದುದು ಇದರಿಂದಲೇ. ಬಹಳ ವೈದ್ಯರು ಸಿಮೋಂ ಮಾತನ್ನು ಮೊದಲು ನಂಬಲಿಲ್ಲ. 1905ರಿಂದ ಮುಂಬಯಿಯಲ್ಲಿ ನಡೆದ ದೊಡ್ಡ ಸಂಶೋಧನೆ ಅವರ ಮಾತೇ ನಿಜವೆಂದು ತೋರಿಸಿತು.

ಬೆಂಗಳೂರಿನಲ್ಲಿ ಪ್ಲೇಗು ರೋಗಿಗಳಿಗೆ ಶಿಬಿರಗಳನ್ನು ತೆರೆದರು; ಡಾ. ಪಲ್ಪು ಅಲ್ಲೂ ದುಡಿದರು. ಯಾವ ಬೀದಿಯಲ್ಲಿ ಏನಾಗಿದೆ ಎಂಬ ಸುದ್ದಿ ಬೇಗ ಮುಟ್ಟಲೆಂದು ನಗರಕ್ಕೆ ದೂರವಾಣಿ ತಂತಿ ಎಳೆದರು. ಪೇಟೆಯ ಇಕ್ಕಟ್ಟು ತಗ್ಗಿಸಲು ಅಗಲ ರಸ್ತೆಯ, ಮನೆಮನೆಗೂ ನಡುವೆ ಜಾಗ ಬಿಟ್ಟ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ದಂಡು ಪ್ರದೇಶದಲ್ಲಿ 1906ರಲ್ಲಿ ಶುರುವಾದ ಫ್ರೇಸರ್ ಟೌನಿನ ಮನೆಗಳನ್ನು ಇಲಿ ಸೇರದಂತೆ ಕಟ್ಟಲು ಯೋಜಿಸಿದರು. ಬೆಂಗಳೂರಿನಲ್ಲಿ ಇಂದಿಗೂ ಪ್ಲೇಗ್ ಮಾರಮ್ಮನ ಗುಡಿ ಇದೆ.

ಮುಚ್ಚಿಟ್ಟ ರೋಗ

ಇಷ್ಟೆಲ್ಲ ಮಾಡಿದರೂ ಒಂದು ದೊಡ್ಡ ತೊಡಕು ಬಂತು. ರೋಗಿ ಇದ್ದಾನೆಯೇ ಎಂದು ನೋಡಲು ಸಿಬ್ಬಂದಿ ಮನೆಯೊಳಗೆ ನುಗ್ಗುತ್ತಿದ್ದರು. ಅಮ್ಮನ ಮಡಿಲಿನಿಂದ ಮಗುವನ್ನು, ಗಂಡನಿಂದ ಹೆಂಡತಿಯನ್ನು ಬಿಡಿಸಿ ಶಿಬಿರಕ್ಕೆ ಒಯ್ಯುತ್ತಿದ್ದರು. ಮದ್ರಾಸ್ ಪ್ರಾಂತ್ಯದಲ್ಲಿ ಪ್ಲೇಗಿನ ಊರಿನಿಂದ ಬಂದ ಪ್ರಯಾಣಿಕರಿಗೆ ಪ್ಲೇಗ್ ಪಾಸ್‌ಪೋರ್ಟ್ ಕೊಟ್ಟು, ಹತ್ತು ದಿನ ಕಣ್ಣಿಡುತ್ತಿದ್ದರು. ನಮ್ಮ ಹೇಮಾವತಿ, ಮಡಕಶಿರಾ ಆಗ ಆ ಪ್ರಾಂತ್ಯದಲ್ಲಿದ್ದವು. ಸುತ್ತ ಮೈಸೂರು ಸೀಮೆ. ಹತ್ತು ದಿನ ಕಾಯುವುದು ಒಳ್ಳೆಯ ಉಪಾಯವೇ. ರೋಗಾಣು ಒಳಸೇರಿದ್ದರೆ ಅಷ್ಟರಲ್ಲಿ ಜ್ವರ ಬಂದೇ ಬರುತ್ತದೆ. ಆದರೆ ಬೆದರಿಸಿ ಮಾಡಿಸಿದಾಗ ಜನ ಏನು ಮಾಡುತ್ತಾರೆ? ಮುಚ್ಚಿಡುತ್ತಾರೆ. ಜ್ವರ ಬಂದ ಮಗುವನ್ನು ಅಟ್ಟದಲ್ಲಿ ಅಡಗಿಸುತ್ತಾರೆ, ರಾತ್ರೋರಾತ್ರಿ ಬೇರೆ ಊರಿಗೆ ಸಾಗಿಸುತ್ತಾರೆ. ರೋಗವೂ ಜೊತೆಗೇ ಸಾಗುತ್ತದೆ. 1898ರಲ್ಲಿ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಪ್ಲೇಗಿನ ಕಟ್ಟುಪಾಡುಗಳ ವಿರುದ್ಧ ಜನ ದಂಗೆಯೇ ಎದ್ದರು.

ಕೊನೆಗೆ ದೇಶದ ಬಹಳ ಕಡೆ ಸರ್ಕಾರಗಳು ಬಿಗಿ ಸಡಿಲಿಸಬೇಕಾಯಿತು. ಬಲವಂತ ತಗ್ಗಿತು, ಊರು ಬಿಟ್ಟು ಗುಡಿಸಲು ಸೇರುವವರಿಗೆ ನೆರವು ಸಿಕ್ಕಿತು, ಪ್ಲೇಗಿನ ಲಸಿಕೆಯನ್ನು ಒಪ್ಪಿದವರಿಗೆ ಮಾತ್ರ ಹಾಕುವುದಾಯಿತು. ಹೆದರಿಕೆ ಇದ್ದಲ್ಲಿ ಪುಸ್ತಕದಲ್ಲಿ ಸುಳ್ಳು ಸೇರುತ್ತದೆ. ಸುಳ್ಳು ಪುಸ್ತಕ ಹಿಡಿದು ರೋಗವನ್ನು ಹುಡುಕಲಾಗುವುದಿಲ್ಲ. ಸೂಕ್ಷ್ಮದರ್ಶಕ ಎಷ್ಟು ಮುಖ್ಯವೋ ಜನರ ನಂಬಿಕೆಯೂ ಅಷ್ಟೇ ಮುಖ್ಯ ಎಂಬುದು ಆ ಕಾಲದಲ್ಲಿ ಕಲಿತ ಪಾಠ.

ಶಾಲೆಯ ಮಕ್ಕಳೇ ಪತ್ತೆದಾರರು

ಈಗ ಮತ್ತೆ ಸಿಡುಬಿನ ಕಥೆಗೆ ಬರೋಣ. 1973ರ ಹೊತ್ತಿಗೂ ಭಾರತದಲ್ಲಿ ಅದು ಇನ್ನೂ ಇತ್ತು. ಎಲ್ಲರಿಗೂ ಲಸಿಕೆ ಹಾಕುತ್ತಾ ಹೋದರೂ ತಪ್ಪಿಸಿಕೊಂಡವರು ಇದ್ದೇ ಇರುತ್ತಿದ್ದರು. ಆಗ ಉಪಾಯ ಬದಲಾಯಿತು. ರೋಗಿ ಎಲ್ಲಿದ್ದಾನೆಂದು ಮೊದಲು ಹುಡುಕು, ಅವನ ಸುತ್ತಲಿನ ಎಲ್ಲರಿಗೂ ಲಸಿಕೆ ಹಾಕು. ಸಿಡುಬು ತಗುಲಿದ ಮೂರು ನಾಲ್ಕು ದಿನದೊಳಗೆ ಲಸಿಕೆ ಹಾಕಿದರೂ ಅದು ರಕ್ಷಿಸಬಲ್ಲದು ಎಂಬುದು ಇದಕ್ಕೆ ಒದಗಿಬಂತು. ರೋಗದ ಸುತ್ತ ದಾಕು ಹಾಕಿಸಿಕೊಂಡವರೇ ನಿಂತರೆ ಅದು ಎಲ್ಲಿಗೆ ಹೋದೀತು?

ಒಂದು ಲಕ್ಷಕ್ಕೂ ಹೆಚ್ಚು ಆರೋಗ್ಯ ಕಾರ್ಯಕರ್ತರು ಮನೆಮನೆ ಸುತ್ತಿದರು. ಕೈಯಲ್ಲಿ ಸಿಡುಬೆದ್ದ ಮಗುವಿನ ಚಿತ್ರವಿದ್ದ ಕಾರ್ಡು. ಸಂತೆಗೆ ಹೋಗಿ ತೋರಿಸುತ್ತಿದ್ದರು, ಶಾಲೆಗೂ ಹೋಗುತ್ತಿದ್ದರು. “ಹೀಗಾದವರನ್ನು ಎಲ್ಲಾದರೂ ನೋಡಿದ್ದೀರಾ?” ಎಂದು ಕೇಳಿದರೆ ದೊಡ್ಡವರು ಹಿಂದೆಮುಂದೆ ನೋಡುತ್ತಿದ್ದರು. ಮಕ್ಕಳು ಹೇಳಿಬಿಡುತ್ತಿದ್ದರು! ಓಣಿಯಲ್ಲಿ ಆಟಕ್ಕೆ ಬಾರದವರು ಯಾರು, ಯಾಕೆ ಎಂಬುದು ಮಕ್ಕಳಿಗೆ ಗೊತ್ತಿರುವಷ್ಟು ಬೇರೆ ಯಾರಿಗೆ ಗೊತ್ತು? ರೋಗಿಯ ಸುಳಿವು ಕೊಟ್ಟವರಿಗೆ ಬಹುಮಾನವೂ ಇತ್ತು. ರೋಗ ಅಪರೂಪವಾಗುತ್ತಾ ಹೋದಂತೆ ಅದು 1,000 ರೂಪಾಯಿಗೆ ಏರಿತು. 1975ರ ಮೇ ತಿಂಗಳಲ್ಲಿ ಭಾರತದ ಕೊನೆಯ ಸಿಡುಬು ರೋಗಿ ಸಿಕ್ಕಿದರು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಡೀ ಭೂಮಿಯೇ ಸಿಡುಬುಮುಕ್ತ ಎಂದು ಸಾರಿತು.

ಗಡಿ ಗೊತ್ತಿಲ್ಲದ ದಡಾರ

ಸಿಡುಬು ಹೋಯಿತು, ದಡಾರ ಇನ್ನೂ ಇದೆ. ಅದು ಸಿಡುಬಿಗಿಂತ ಚುರುಕು. ಲಸಿಕೆ ಇಲ್ಲದ ಕಡೆ ಒಬ್ಬ ದಡಾರದ ರೋಗಿಯಿಂದ 12ರಿಂದ 18 ಜನರಿಗೆ ಅದು ಹರಡಬಲ್ಲದು. ರೋಗಿ ಕೆಮ್ಮಿ ಹೊರಗೆ ಹೋದ ಮೇಲೂ ಎರಡು ಗಂಟೆಯವರೆಗೆ ವೈರಸ್ಸು ಆ ಕೋಣೆಯ ಗಾಳಿಯಲ್ಲಿ ಉಳಿದಿರಬಹುದು. ಮೈಮೇಲೆ ಕೆಂಪು ದದ್ದು ಏಳುವುದಕ್ಕೆ ನಾಲ್ಕು ದಿನ ಮೊದಲೇ ಅದು ಅಂಟಲು ಶುರುವಾಗುತ್ತದೆ. ಅಂದರೆ, ಬೇವಿನ ಸೊಪ್ಪು ಕಟ್ಟುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೇ ದಡಾರಕ್ಕೆ ಹುಡುಕಾಟವೊಂದೇ ಸಾಲದು. ನೂರು ಮಕ್ಕಳಲ್ಲಿ 95 ಮಂದಿಗೆ ಲಸಿಕೆಯ ರಕ್ಷಣೆ ಇರಬೇಕು. ಆಗ ಉಳಿದ ಐವರ ಹತ್ತಿರ ರೋಗ ತಲುಪುವುದೇ ಕಷ್ಟ.

2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ ಮತ್ತು ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ ನಡೆಯಿತು. ಆಂಧ್ರಪ್ರದೇಶದಲ್ಲಿ ಅದು ನಡೆದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಗಡಿಯ ಆಚೆ ಸಿರಾ ಕಡೆಯ ಮಗುವಿಗೆ ಫೆಬ್ರವರಿಯಲ್ಲಿ, ಈಚೆ ಹೇಮಾವತಿಯ ಮಗುವಿಗೆ ಆಗಸ್ಟ್‌ನಲ್ಲಿ. ಇಬ್ಬರೂ ಕನ್ನಡ ಮಾತಾಡುವವರು, ಒಂದೇ ಸಂತೆಗೆ, ಒಂದೇ ಜಾತ್ರೆಗೆ ಹೋಗುವವರು. ಸರ್ಕಾರದ ಪಟ್ಟಿಗಳಿಗೆ ಗಡಿಯಿದೆ, ವೈರಸ್ಸಿಗೆ ಇಲ್ಲ. ಗಡಿಯೂರಿನಲ್ಲಿ ಇರುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. ನೆಂಟರ ಊರಿಗೆ ಹೋದಾಗ, ಕೆಲಸ ಹುಡುಕಿ ಬೆಂಗಳೂರಿಗೆ ಹೋದಾಗ ಯಾವ ಪಟ್ಟಿಗೂ ಸೇರದೆ ಮಗುವಿನ ಲಸಿಕೆ ತಪ್ಪಿಹೋಗುವುದುಂಟು. ಲಸಿಕೆಯ ಕಾರ್ಡನ್ನು ಬಟ್ಟೆಗಂಟಿನ ಜೊತೆಗೇ ಒಯ್ಯಬೇಕು. ಯಾವ ರಾಜ್ಯದ ಸರ್ಕಾರಿ ಆಸ್ಪತ್ರೆಯಲ್ಲಾದರೂ ಲಸಿಕೆ ಹಾಕಿಸಬಹುದು, ಕಾಸು ಕೊಡಬೇಕಿಲ್ಲ.

ಇಂದು ದಾಕು ಹಾಕುವವರ ಜಾಗದಲ್ಲಿ ನರ್ಸಕ್ಕ ಇದ್ದಾರೆ, ಆಶಾ ಕಾರ್ಯಕರ್ತೆ ಇದ್ದಾರೆ. ಊರಲ್ಲಿ ಯಾವುದಾದರೂ ಮಗುವಿಗೆ ಜ್ವರದ ಜೊತೆ ದದ್ದು ಎದ್ದರೆ ಅವರು ಬರೆದುಕೊಂಡು ಮೇಲಿನವರಿಗೆ ತಿಳಿಸುತ್ತಾರೆ. ರಕ್ತದ ಮಾದರಿ ಪ್ರಯೋಗಾಲಯಕ್ಕೆ ಹೋಗುತ್ತದೆ.

ನೀವೂ ಮಾಡಿ ನೋಡಿ

ನಿಮ್ಮ ತರಗತಿಯಲ್ಲಿ ಒಂದು ತಿಂಗಳು ಈ ಕೆಲಸ ಮಾಡಿ. ಮೇಷ್ಟ್ರನ್ನೋ ಟೀಚರನ್ನೋ ಕೇಳಿ, ಜ್ವರ, ಕೆಮ್ಮು, ಭೇದಿಯಿಂದ ಶಾಲೆಗೆ ಬಾರದವರ ಲೆಕ್ಕ ಇಡಿ. ಹೆಸರು ಬೇಡ. ತಾರೀಕು, ಯಾವ ಓಣಿ, ಏನು ತೊಂದರೆ, ಈ ಮೂರೇ ಸಾಕು. ಊರಿನ ನಕ್ಷೆ ಬರೆದು ಒಬ್ಬೊಬ್ಬರಿಗೂ ಒಂದೊಂದು ಗುರುತು ಹಾಕಿ. ಗುರುತುಗಳು ಒಂದೇ ಕಡೆ ಸೇರಿಕೊಂಡರೆ ಯಾಕೆ ಎಂದು ಯೋಚಿಸಿ. ಅಲ್ಲಿ ನಲ್ಲಿ ಒಡೆದಿದೆಯೇ? ನೀರು ನಿಂತಿದೆಯೇ? ಹಬ್ಬಕ್ಕೆ ಹೊರಗಿನಿಂದ ಜನ ಬಂದಿದ್ದರೇ? ತಿಳಿದದ್ದನ್ನು ನರ್ಸಕ್ಕನಿಗೆ ಹೇಳಿ. ಕಾಯಿಲೆ ಬಿದ್ದ ಗೆಳೆಯರನ್ನು ಮಾತ್ರ ಗೇಲಿ ಮಾಡಬೇಡಿ. ಗೇಲಿಗೆ ಹೆದರಿದವರು ರೋಗ ಮುಚ್ಚಿಡುತ್ತಾರೆ.

ಇನ್ನೊಂದು ಮಾತು. ನಿಮ್ಮ ಲಸಿಕೆಯ ಕಾರ್ಡು ಎಲ್ಲಿದೆ ಎಂದು ಅಮ್ಮನನ್ನು ಕೇಳಿ. ದಡಾರದ ಎರಡು ಸಲದ ಲಸಿಕೆ ಆಗಿದೆಯೇ ನೋಡಿ. ನಿಮಗೆ 10 ವರ್ಷ ತುಂಬಿದ್ದರೆ ಧನುರ್ವಾಯು ಮತ್ತು ಗಂಟಲುಮಾರಿ ತಡೆಯುವ ಟಿ.ಡಿ. ಲಸಿಕೆ ಹಾಕಿಸಿಕೊಳ್ಳಬೇಕು, 16ಕ್ಕೆ ಮತ್ತೊಮ್ಮೆ. ತಮ್ಮ ತಂಗಿಯರ ಕಾರ್ಡನ್ನೂ ನೋಡಿ. ತಪ್ಪಿಹೋಗಿರುವುದು ಒಂದಿದ್ದರೂ ಇದೇ ವಾರ ಹೋಗಿ ಹಾಕಿಸಿಕೊಳ್ಳಿ.